ಸಿಓಟು ಏರಿದಾಗ ಪೊಟ್ಯಾಸಿಯಂ ಎಷ್ಟು ಏರಬೇಕು?

ಎಬಿಜಿ (ಅಪಧಮನಿ ರಕ್ತದ ಗ್ಯಾಸ್ ಪರೀಕ್ಷೆ) ಚೀಟಿ ಹೀಗಿದೆ: ಪಿಎಚ್ 7.17, ಸಿಓಟು (ಕಾರ್ಬನ್ ಡೈಆಕ್ಸೈಡ್) 80, ಬೈಕಾರ್ಬೊನೇಟ್ 28, ಪೊಟ್ಯಾಸಿಯಂ 5.9. ಬೆಳಿಗ್ಗೆ ಇದೇ ರೋಗಿಯ ಪೊಟ್ಯಾಸಿಯಂ 4.2 ಇತ್ತು. ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಿಓಟು ತುಂಬಿ ಮಾಡುವ ದೂರದರ್ಶಕ ಶಸ್ತ್ರಚಿಕಿತ್ಸೆ) ಶುರುವಾಗಿ ಎರಡು ಗಂಟೆ. ಇಂಥ ಚೀಟಿ ಕೈಗೆ ಬಂದಾಗ ಓಟಿಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಅಸಿಡೋಸಿಸ್ ಇದೆಯಲ್ಲ, ಅದಕ್ಕೇ ಏರಿದೆ. ವೆಂಟಿಲೇಶನ್ ಜಾಸ್ತಿ ಮಾಡಿ, ತಾನಾಗೇ ಇಳಿಯುತ್ತೆ." ಅಸಿಡೋಸಿಸ್ ಎಂದರೆ ರಕ್ತದಲ್ಲಿ ಆಮ್ಲ ಹೆಚ್ಚಿ ಪಿಎಚ್ ಇಳಿಯುವುದು.

ಎಂಬಿಬಿಎಸ್‌ನಲ್ಲಿ ಬಾಯಿಪಾಠ ಮಾಡಿದ ಸೂತ್ರವೂ ಇದಕ್ಕೆ ಹೂಂಗುಟ್ಟುತ್ತದೆ. ಪಿಎಚ್ 0.1 ಇಳಿದರೆ ಪೊಟ್ಯಾಸಿಯಂ 0.6 ಏರುತ್ತದೆ. ಇಲ್ಲಿ ಪಿಎಚ್ ಸಹಜವಾದ 7.40ರಿಂದ 0.23 ಇಳಿದಿದೆ, ಅಂದರೆ ಸುಮಾರು 1.4 ಏರಬೇಕು, 4.2ಕ್ಕೆ ಕೂಡಿಸಿದರೆ 5.6. ಚೀಟಿಯಲ್ಲಿರುವುದು 5.9. ಹತ್ತಿರ ಹತ್ತಿರ ಬಂತು, ಎಲ್ಲರಿಗೂ ಸಮಾಧಾನ. ಆದರೆ ಆ ಸೂತ್ರ ಈ ರೋಗಿಯದ್ದಲ್ಲ. ಉತ್ತರ ತಾಳೆಯಾದದ್ದು ಕಾಕತಾಳೀಯ, ಮತ್ತು ಇಂಥ ಕಾಕತಾಳೀಯವೇ ನಿಜವಾದ ಕಾರಣವನ್ನು ಮುಚ್ಚಿಹಾಕುತ್ತದೆ.

(ಪೊಟ್ಯಾಸಿಯಂ, ಬೈಕಾರ್ಬೊನೇಟ್ ಲೆಕ್ಕವೆಲ್ಲ ಲೀಟರಿಗೆ ಮಿಲಿ ಈಕ್ವಿವಲೆಂಟ್, ಸಿಓಟು ಲೆಕ್ಕ ಮಿಲಿಮೀಟರ್ ಪಾದರಸ. ಪ್ರತಿಸಲ ಬರೆಯುವುದಿಲ್ಲ.)

0.6ರ ಸೂತ್ರ ಹುಟ್ಟಿದ್ದು 1956ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಮುಂದೆ 1960ರಲ್ಲಿ ಡಯಾಲಿಸಿಸ್ ಷಂಟ್ (ರಕ್ತನಾಳಗಳಿಗೆ ಜೋಡಿಸುವ ಕೊಳವೆ) ತಂದ ಸ್ಕ್ರಿಬ್ನರ್ ಆ ತಂಡದಲ್ಲಿದ್ದರು. ನೋಡಿದ್ದು ಬೆರಳೆಣಿಕೆಯ ರೋಗಿಗಳನ್ನು. 1981ರಲ್ಲಿ ಆಡ್ರೋಗ್ ಮತ್ತು ಮಾಡಿಯಾಸ್ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿದಾಗ ಆಮ್ಲದ ಜಾತಿಯ ಮೇಲೆ ಎಲ್ಲವೂ ನಿಂತಿದೆ ಎಂಬುದು ಸ್ಪಷ್ಟವಾಯಿತು. ಹೈಡ್ರೋಕ್ಲೋರಿಕ್ ಆಮ್ಲದಂಥ ಖನಿಜಾಮ್ಲ ಸೇರಿದಾಗ ಪಿಎಚ್‌ನ ಪ್ರತಿ 0.1 ಇಳಿತಕ್ಕೆ ಪೊಟ್ಯಾಸಿಯಂ 0.2ರಿಂದ ಹಿಡಿದು 1.7ರವರೆಗೆ ಎಷ್ಟು ಬೇಕಾದರೂ ಏರಬಹುದು. ಲ್ಯಾಕ್ಟಿಕ್ ಆಮ್ಲ, ಕೀಟೋ ಆಮ್ಲಗಳು ತಾವಾಗಿಯೇ ಹೆಚ್ಚೇನೂ ಏರಿಸುವುದಿಲ್ಲ. ಸಿಓಟುವಿನಿಂದಾದ ಅಸಿಡೋಸಿಸ್‌ನಲ್ಲಿ ಏರುವುದು ಪ್ರತಿ 0.1ಕ್ಕೆ ಸುಮಾರು 0.1 ಮಾತ್ರ.

ಅಂದರೆ ನಮ್ಮ ರೋಗಿಯಲ್ಲಿ ಸಿಓಟು ಎಂಬತ್ತಕ್ಕೆ ಹೋದದ್ದಕ್ಕೆ ಪೊಟ್ಯಾಸಿಯಂ 4.2ರಿಂದ ಹೆಚ್ಚೆಂದರೆ 4.5ರ ಆಸುಪಾಸಿಗೆ ಬರಬೇಕಿತ್ತು. ಉಳಿದ 1.4 ಬೇರೆಲ್ಲಿಂದಲೋ ಬಂದಿದೆ.

ಬೇರೆ ಆಮ್ಲ ಮಾಡುವುದನ್ನು ಸಿಓಟು ಯಾಕೆ ಮಾಡುವುದಿಲ್ಲ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಬಸ್ಸಿಗೆ ಒಬ್ಬ ಹತ್ತಿದರೆ ಇನ್ನೊಬ್ಬ ಇಳಿಯಬೇಕು ಎನ್ನುವ ಹಾಗೆ, ಹೈಡ್ರೋಜನ್ ಕೋಶದೊಳಗೆ ಹೋದಷ್ಟೂ ಪೊಟ್ಯಾಸಿಯಂ ಹೊರಬರುತ್ತದೆ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಸ್ನಾಯುಕೋಶದಲ್ಲಿ ಅಂಥ ನೇರ ವಿನಿಮಯದ ಬಾಗಿಲು ಇಲ್ಲ. ಇರುವುದು ಎರಡು ಬೇರೆ ಬೇರೆ ಯಂತ್ರಗಳು. ಒಂದು ಹೈಡ್ರೋಜನ್ ಹೊರಹಾಕಿ ಸೋಡಿಯಂ ಒಳತರುತ್ತದೆ. ಇನ್ನೊಂದು ಆ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಗೆಳೆಯುತ್ತದೆ. ಇದೇ ಸೋಡಿಯಂ-ಪೊಟ್ಯಾಸಿಯಂ ಪಂಪು. ಕೋಶದ ಹೊರಗಷ್ಟೇ ಆಮ್ಲ ಹೆಚ್ಚಾದರೆ ಮೊದಲ ಯಂತ್ರ ನಿಧಾನವಾಗುತ್ತದೆ. ಹೊರಗೆ ಬೈಕಾರ್ಬೊನೇಟ್ ಕಡಿಮೆಯಾದ್ದರಿಂದ ಅದರ ಜೊತೆ ಒಳಬರುವ ಸೋಡಿಯಂ ಕೂಡ ತಗ್ಗುತ್ತದೆ. ಒಳಗೆ ಸೋಡಿಯಂ ಇಲ್ಲದೆ ಪಂಪು ಮಂಕಾಗುತ್ತದೆ. ಅತ್ತ ಪೊಟ್ಯಾಸಿಯಂ ಸೋರುವ ಚಾನೆಲ್‌ಗಳು ಎಂದಿನಂತೆ ಸೋರುತ್ತಲೇ ಇರುತ್ತವೆ. ತೊಟ್ಟಿಗೆ ನೀರು ಬರುವುದು ಕಡಿಮೆಯಾಯಿತು, ತೂತು ಮಾತ್ರ ಹಾಗೇ ಇದೆ.

ಸಿಓಟು ಹಾಗಲ್ಲ. ಅದಕ್ಕೆ ಕೋಶದ ಗೋಡೆ ಗೋಡೆಯೇ ಅಲ್ಲ. ಹೊರಗೆ ಪಿಎಚ್ ಇಳಿದ ಹಾಗೆ ಒಳಗೂ ಇಳಿಯುತ್ತದೆ, ಒಳಹೊರಗಿನ ಅಂತರ ಹೆಚ್ಚು ಬದಲಾಗುವುದಿಲ್ಲ. ಹೊರಗಿನ ಬೈಕಾರ್ಬೊನೇಟ್ ಕಡಿಮೆಯಾಗುವ ಬದಲು ತುಸು ಏರುತ್ತದೆ. ಹಾಗಾಗಿ ಸೋಡಿಯಂ ಒಳಬರುತ್ತಲೇ ಇರುತ್ತದೆ, ಪಂಪು ನಡೆಯುತ್ತಲೇ ಇರುತ್ತದೆ. ಇದರ ಮೇಲೆ, ಸಿಓಟು ಏರಿದರೆ ಅಡ್ರಿನಾಲಿನ್ ಹೊರಬರುತ್ತದೆ. ಅದು ಕೋಶದ ಮೇಲಿನ ಬೀಟಾ-2 ಗ್ರಾಹಕಗಳ ಮೂಲಕ ಪೊಟ್ಯಾಸಿಯಮ್ಮನ್ನು ಸ್ನಾಯುವಿನೊಳಗೆ ತಳ್ಳುತ್ತದೆ. ಆ ಬೀಟಾ ಗ್ರಾಹಕಗಳನ್ನು ತಡೆಯುವ ಪ್ರೊಪ್ರನಲಾಲ್ ನುಂಗುತ್ತಿರುವ ರೋಗಿಗೆ ಈ ರಕ್ಷಣೆ ಇಲ್ಲ, ಆಳವಾದ ಅನಸ್ತೇಷಿಯಾದಲ್ಲೂ ಅದು ಮಂಕು. ಓಟಿ ಟೇಬಲ್ ಮೇಲಿನ ಸಂಖ್ಯೆಗಳು ಪ್ರಯೋಗಾಲಯದ ಸಂಖ್ಯೆಗಳಿಗೆ ಯಾವಾಗಲೂ ಕರಾರುವಾಕ್ಕಾಗಿ ಹೊಂದದಿರಲು ಇದೂ ಒಂದು ಕಾರಣ.

ಇಷ್ಟಾದರೂ ಅಂಚು ಬಹಳ ಸಣ್ಣದು. 70 ಕೆಜಿ ತೂಕದವರ ಮೈಯಲ್ಲಿ ಸುಮಾರು 3500 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇದೆ. ಕೋಶಗಳ ಹೊರಗಿರುವುದು 60ರಷ್ಟು. ಒಳಗಿನದರಲ್ಲಿ ಶೇಕಡಾ ಒಂದು ಹೊರಬಂದರೆ 35. ಹೊರಗಿನ 14 ಲೀಟರಿಗೆ ಅದನ್ನು ಹಂಚಿದರೆ ರಕ್ತದ ಮಟ್ಟ 2.5 ಏರಿಬಿಡುತ್ತದೆ.

ಉಳಿದ 1.4 ಎಲ್ಲಿಂದ?

ಚೀಟಿಗೆ ವಾಪಸು ಬರೋಣ. ಮೊದಲು ನೋಡಬೇಕಾದದ್ದು ಬೈಕಾರ್ಬೊನೇಟ್. ಸಿಓಟು ದಿಢೀರನೆ 10 ಏರಿದರೆ ಬೈಕಾರ್ಬೊನೇಟ್ 1 ಏರುತ್ತದೆ. 40 ಇದ್ದದ್ದು 80 ಆಯಿತು, 24 ಇದ್ದದ್ದು 28 ಆಗಬೇಕು, ಆಗಿದೆ. ಅಂದರೆ ಇದು ಅಪ್ಪಟ ಉಸಿರಾಟದ ಅಸಿಡೋಸಿಸ್. ನಾರ್ಮಲ್ ಸಲೈನ್ ಲೀಟರುಗಟ್ಟಲೆ ಹೋಗಿ ಕ್ಲೋರೈಡ್ ಏರಿ ಆದ ಅಸಿಡೋಸಿಸ್ ಇದರಲ್ಲಿ ಸೇರಿಲ್ಲ. ಅದೇ ಬೈಕಾರ್ಬೊನೇಟ್ 19 ಇದ್ದಿದ್ದರೆ ಕತೆ ಬೇರೆ. ಆಗ ಸಲೈನ್ ಬಾಟಲಿಗಳನ್ನು ಎಣಿಸಬೇಕು. ಕಿಡ್ನಿ ಕಸಿಯ ರೋಗಿಗಳಲ್ಲಿ ಸಲೈನ್ ಮತ್ತು ರಿಂಗರ್ ಲ್ಯಾಕ್ಟೇಟನ್ನು ಹೋಲಿಸಿದ 2005ರ ಪ್ರಯೋಗದಲ್ಲಿ ಪೊಟ್ಯಾಸಿಯಂ 6 ದಾಟಿದವರೆಲ್ಲ ಸಲೈನ್ ಗುಂಪಿನವರೇ. ರಿಂಗರ್ ಲ್ಯಾಕ್ಟೇಟಿನಲ್ಲಿ ಲೀಟರಿಗೆ 4 ಪೊಟ್ಯಾಸಿಯಂ ಇದ್ದರೂ ಅದು ಏರಿಸಲಿಲ್ಲ, ಒಂದು ತೊಟ್ಟೂ ಇಲ್ಲದ ಸಲೈನ್ ಏರಿಸಿತು. "ಕಿಡ್ನಿ ರೋಗಿ, ಆರ್‌ಎಲ್ ಬೇಡ" ಎನ್ನುವ ಮಾತು ಇನ್ನೂ ಎಷ್ಟೋ ಕಡೆ ನಡೆಯುತ್ತಿದೆ, ಬಿಡಿ.

ಎರಡನೆಯದು ಸ್ಯಾಂಪಲ್. ಎಬಿಜಿ ಮೆಷಿನ್ ಇಡೀ ರಕ್ತವನ್ನೇ ಅಳೆಯುತ್ತದೆ, ಸೆಂಟ್ರಿಫ್ಯೂಜ್ ಮಾಡುವುದಿಲ್ಲ. ಹಾಗಾಗಿ ಕೆಂಪು ಕಣಗಳು ಒಡೆದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದ ರಕ್ತ, ಐಸ್ ಮೇಲೆ ಬಹಳ ಹೊತ್ತು ಇಟ್ಟ ಸಿರಿಂಜು, ಟೂರ್ನಿಕೆ ಬಿಗಿದು ಮುಷ್ಟಿ ಹಿಡಿಸಿ ತೆಗೆದ ರಕ್ತ, ಮೂರೂ ಪೊಟ್ಯಾಸಿಯಮ್ಮನ್ನು ಸುಳ್ಳಾಗಿ ಏರಿಸುತ್ತವೆ. ಮುಷ್ಟಿ ಹಿಡಿಸುವುದೊಂದೇ 1 ಏರಿಸಬಲ್ಲದು. ಇದರ ತದ್ವಿರುದ್ಧವೂ ಇದೆ: 2 ಮಿಲಿ ಸಿರಿಂಜಿಗೆ ಹೆಪಾರಿನ್ ಎಳೆದು ಪೂರ್ತಿ ಹೊರಹಾಕದೆ ಅರ್ಧ ಮಿಲಿ ರಕ್ತ ತೆಗೆದರೆ ರಕ್ತ ತೆಳ್ಳಗಾಗಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಸಿಓಟು ಎಲ್ಲವೂ ಕಡಿಮೆ ತೋರುತ್ತವೆ. ನಿಜವಾದ 6.2 ಚೀಟಿಯಲ್ಲಿ 5.4 ಆಗಿ ಕೂರುತ್ತದೆ. ಹೆಪಾರಿನ್ ಗೋಡೆಗೆ ಸವರಿದಷ್ಟೇ ಉಳಿಯಬೇಕು, ಸೂಜಿಯ ಕುತ್ತಿಗೆಯಲ್ಲಿರುವುದೂ ಹೋಗಬೇಕು, ರಕ್ತ ಕನಿಷ್ಠ 1.5 ಮಿಲಿ ಇರಬೇಕು. ಅನುಮಾನವಿದ್ದರೆ ಇನ್ನೊಂದು ಸ್ಯಾಂಪಲ್ಲನ್ನು ಲ್ಯಾಬಿಗೂ ಕಳಿಸಿ. ಲ್ಯಾಬಿನ ಸೀರಂ ಪೊಟ್ಯಾಸಿಯಂ ಎಬಿಜಿಗಿಂತ ತುಸು ಹೆಚ್ಚೇ ಇರುತ್ತದೆ, ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಬಿಟ್ಟುಕೊಡುವುದರಿಂದ. ಬೆಳಗಿನ ಲ್ಯಾಬ್ ಅಂಕಿಯನ್ನೂ ಮಧ್ಯಾಹ್ನದ ಎಬಿಜಿ ಅಂಕಿಯನ್ನೂ ಹೋಲಿಸುವಾಗ ಇದು ನೆನಪಿರಲಿ.

ಸ್ಯಾಂಪಲ್ ಸರಿಯಿದ್ದರೆ ಔಷಧದ ಪಟ್ಟಿ. ಪೊಟ್ಯಾಸಿಯಂ ಏರಿಸುವ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೋನೊಲ್ಯಾಕ್ಟೋನ್ ಬೆಳಿಗ್ಗೆ ನುಂಗಿ ಬಂದಿದ್ದಾರೆಯೇ? ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂ ಕೊಟ್ಟಿದ್ದರೆ ಅದು ಆರೋಗ್ಯವಂತರಲ್ಲಿ 0.5ರಷ್ಟು ಏರಿಸಿ ಹತ್ತು-ಹದಿನೈದು ನಿಮಿಷದಲ್ಲಿ ಇಳಿದಿರುತ್ತದೆ. ಎರಡು ಗಂಟೆಯ ನಂತರದ 5.9ಕ್ಕೆ ಅದನ್ನು ದೂರುವಂತಿಲ್ಲ. ಹಳೆಯ ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟು, ಕೆಲವು ದಿನ ಕಳೆದ ಸುಟ್ಟಗಾಯ, ಐಸಿಯುವಿನಲ್ಲಿ ವಾರಗಟ್ಟಲೆ ಮಲಗಿದ್ದವರ ಮಾತು ಬೇರೆ. ಅವರಿಗೆ ಅದನ್ನು ಕೊಡಲೇಬಾರದು. ಸಕ್ಕರೆ ಎಷ್ಟಿದೆ? ಇನ್ಸುಲಿನ್ ಸಾಲದೆ ಸಕ್ಕರೆ 400ಕ್ಕೆ ಏರಿದ್ದರೆ ಅದೇ ಪೊಟ್ಯಾಸಿಯಮ್ಮನ್ನು ಕೋಶದಿಂದ ಎಳೆದು ತರುತ್ತದೆ. ಮೂತ್ರದ ಚೀಲ ನೋಡಿ: ಹೊಟ್ಟೆಯೊಳಗಿನ ಒತ್ತಡ 15 ಇದ್ದರೆ ಕಿಡ್ನಿಗೆ ರಕ್ತ ಕಡಿಮೆ, ಮೂತ್ರ ಕಡಿಮೆ, ಪೊಟ್ಯಾಸಿಯಂ ಹೋಗುವ ದಾರಿಯೂ ಕಡಿಮೆ. ಕಾಲು ಎತ್ತಿ ಕಟ್ಟಿ ಐದಾರು ಗಂಟೆ ಆಗಿದ್ದರೆ ಕಾಲಿನ ಸ್ನಾಯುಗಳನ್ನು ಒತ್ತಿ ನೋಡಿ, ರಕ್ತವಿಲ್ಲದೆ ನೊಂದ ಸ್ನಾಯುವಿನಿಂದಲೂ ಪೊಟ್ಯಾಸಿಯಂ ಸೋರುತ್ತದೆ.

ಸಿಓಟು ಮತ್ತು ಪೊಟ್ಯಾಸಿಯಂ ಒಟ್ಟಿಗೇ ಏರುವ ಒಂದು ಸ್ಥಿತಿಯನ್ನಂತೂ ಮರೆಯಲೇಬಾರದು: ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ, ಅಂದರೆ ಕೆಲವರಲ್ಲಿ ಅರಿವಳಿಕೆ ಔಷಧಕ್ಕೆ ಸ್ನಾಯುಗಳು ಹತೋಟಿ ತಪ್ಪಿ ಉರಿಯತೊಡಗುವುದು. ಅಲ್ಲಿ ಒಂದು ಇನ್ನೊಂದಕ್ಕೆ ಕಾರಣವಲ್ಲ, ಎರಡೂ ಸ್ನಾಯುವಿನಿಂದಲೇ ಬರುತ್ತವೆ. ವೆಂಟಿಲೇಶನ್ ಏರಿಸಿದರೂ ಎಂಡ್-ಟೈಡಲ್ (ಉಸಿರು ಬಿಡುವ ಕೊನೆಯಲ್ಲಿ ಅಳೆದ ಸಿಓಟು) ಏರುತ್ತಲೇ ಹೋಗುವುದು, ಕಾರಣವಿಲ್ಲದೆ ನಾಡಿ ಓಡುವುದು, ದವಡೆ ಬಿಗಿಯುವುದು, ಬಿಟ್ಟ ಉಸಿರಿನ ಸಿಓಟು ಹೀರುವ ಸೋಡಾಲೈಮ್ ಡಬ್ಬಿ ಮುಟ್ಟಿದರೆ ಸುಡುವುದು ಮೊದಲ ಸುಳಿವುಗಳು. ಜ್ವರ ಕಾಣುವುದು ಎಷ್ಟೋ ಸಲ ಕೊನೆಗೆ. ಇದನ್ನು ಕೆರಳಿಸುವ ಐಸೋಫ್ಲೂರೇನ್, ಸೀವೋಫ್ಲೂರೇನ್ ಅರಿವಳಿಕೆ ಗ್ಯಾಸುಗಳು ಆ ಕ್ಷಣ ನಿಲ್ಲಬೇಕು. ಇದಕ್ಕೆ ಔಷಧ ಡ್ಯಾಂಟ್ರೋಲೀನ್, ಕೆಜಿಗೆ 2.5 ಮಿಲಿಗ್ರಾಂ, ಹಳೆಯ ಬಗೆಯ 20 ಮಿಲಿಗ್ರಾಂ ವಯಲ್ ಆದರೆ ಒಂದೊಂದನ್ನೂ 60 ಮಿಲಿ ಸ್ಟೆರೈಲ್ ವಾಟರಿನಲ್ಲಿ ಕಲಕಬೇಕು. 70 ಕೆಜಿಗೆ ಮೊದಲ ಡೋಸಿಗೇ ಒಂಬತ್ತು ವಯಲ್. ಕಲಕುವುದಕ್ಕೇ ಇಬ್ಬರು ಬೇಕು.

ಸಿಓಟು ಏರಿದ್ದು ಎಲ್ಲಿ?

ಲ್ಯಾಪ್ರೋಸ್ಕೋಪಿಯಲ್ಲಿ ಹೊಟ್ಟೆಯಿಂದ ಹೀರಿಕೊಂಡ ಸಿಓಟು ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ, ಮಿನಿಟ್ ವೆಂಟಿಲೇಶನ್ (ನಿಮಿಷಕ್ಕೆ ಕೊಡುವ ಉಸಿರಿನ ಒಟ್ಟು ಪ್ರಮಾಣ) ಶೇಕಡಾ 15–30 ಏರಿಸಿದರೆ ಸಾಕಾಗುತ್ತದೆ. ನಿಂತ ಮೇಲೆ ಮತ್ತೆ ಏರತೊಡಗಿದರೆ ಕುತ್ತಿಗೆ, ಎದೆಯ ಮೇಲೆ ಕೈಯಾಡಿಸಿ. ಚರ್ಮದಡಿ ಕರಕರ ಎಂದರೆ ಗ್ಯಾಸ್ ಅಲ್ಲಿಗೆ ನುಗ್ಗಿದೆ. ಎಂಡ್-ಟೈಡಲ್ ಅಂಕಿಯನ್ನೇ ನಂಬಿ ಕೂರಬೇಡಿ. ಒಳ್ಳೆಯ ಶ್ವಾಸಕೋಶದಲ್ಲಿ ಅದು ರಕ್ತದ ಸಿಓಟುವಿಗಿಂತ 3–5 ಕಡಿಮೆ. ಬೀಡಿ ಸೇದಿ ಶ್ವಾಸಕೋಶ ಹಾಳಾದವರಲ್ಲಿ ಅಂತರ 15, 20 ಕೂಡ ಆಗಬಹುದು.

ನಮ್ಮ ಕಡೆ ಇನ್ನೂ ಧಾರಾಳವಾಗಿ ಬಳಕೆಯಲ್ಲಿರುವ ಬೇನ್ ಸರ್ಕ್ಯೂಟಿನದು (ಕೊಳವೆಯೊಳಗೊಂದು ಕೊಳವೆ ಇರುವ, ಸೋಡಾಲೈಮ್ ಇಲ್ಲದ ಉಸಿರಾಟದ ಸರ್ಕ್ಯೂಟ್) ಪ್ರತ್ಯೇಕ ಕತೆ. ಅದರಲ್ಲಿ ಸಿಓಟುವನ್ನು ತೊಳೆಯುವುದು ಫ್ರೆಶ್ ಗ್ಯಾಸ್ ಒಂದೇ. ಬ್ಯಾಗ್ ಒತ್ತಿ ಉಸಿರು ಕೊಡುತ್ತಿದ್ದರೆ ಕೆಜಿಗೆ ನಿಮಿಷಕ್ಕೆ 70–100 ಮಿಲಿ, ರೋಗಿಯೇ ಉಸಿರಾಡುತ್ತಿದ್ದರೆ 150–200 ಮಿಲಿ. 60 ಕೆಜಿಯವರು ತಾವೇ ಉಸಿರಾಡುತ್ತಿರುವಾಗ ಸಿಲಿಂಡರ್ ಉಳಿಸಲು 4 ಲೀಟರಿಗೆ ಇಳಿಸಿದರೆ ಅವರು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಇದಕ್ಕಿಂತ ಕೆಟ್ಟದ್ದು ಒಳಗಿನ ಸಣ್ಣ ಕೊಳವೆ ಮೆಷಿನ್ ತುದಿಯಲ್ಲಿ ಕಳಚಿಕೊಳ್ಳುವುದು. ಆಗ ಇಡೀ ಸರ್ಕ್ಯೂಟ್ ಡೆಡ್ ಸ್ಪೇಸ್, ಅಂದರೆ ಬಿಟ್ಟ ಗಾಳಿಯೇ ಅಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು, ಬ್ಯಾಗ್ ಚೆನ್ನಾಗಿಯೇ ಆಡುತ್ತಿರುತ್ತದೆ, ಆಕ್ಸಿಜನ್ ಸ್ಯಾಚುರೇಶನ್ನೂ ಚೆನ್ನಾಗಿರುತ್ತದೆ. ಪರೀಕ್ಷೆ ಸುಲಭ: ರೋಗಿಯ ತುದಿ ಮುಚ್ಚಿ ಬ್ಯಾಗ್ ತುಂಬಿಸಿ, ತುದಿ ಬಿಟ್ಟು ಆಕ್ಸಿಜನ್ ಫ್ಲಷ್ ಒತ್ತಿ. ಒಳಕೊಳವೆ ಸರಿಯಿದ್ದರೆ ಬ್ಯಾಗ್ ಸೊರಗುತ್ತದೆ, ಕಳಚಿದ್ದರೆ ಉಬ್ಬಿಕೊಂಡೇ ಇರುತ್ತದೆ. ಇನ್ನೊಂದು ವಿಧಾನ, 2 ಮಿಲಿ ಸಿರಿಂಜಿನ ಪ್ಲಂಜರಿನಿಂದ ಒಳಕೊಳವೆಯ ಬಾಯಿ ಮಾತ್ರ ಮುಚ್ಚುವುದು: ಗ್ಯಾಸಿನ ಹರಿವು ತೋರಿಸುವ ರೋಟಾಮೀಟರಿನ ಬಾಬಿನ್ ತುಸು ಕುಸಿಯಬೇಕು.

ಸೋಡಾಲೈಮ್ ಇರುವ ಸರ್ಕಲ್ ಸಿಸ್ಟಮ್ಮಿನಲ್ಲಿ ಕ್ಯಾಪ್ನೋಗ್ರಾಫಿನ (ಉಸಿರಿನ ಸಿಓಟುವನ್ನು ಗೆರೆಯಾಗಿ ತೋರಿಸುವ ಯಂತ್ರ) ತಳದ ಗೆರೆ ಸೊನ್ನೆ ಮುಟ್ಟದಿದ್ದರೆ ಫ್ರೆಶ್ ಗ್ಯಾಸನ್ನು 8–10 ಲೀಟರಿಗೆ ಏರಿಸಿ. ಗೆರೆ ಇಳಿದರೆ ಸೋಡಾಲೈಮ್ ಮುಗಿದಿದೆ, ಇಳಿಯದಿದ್ದರೆ ವಾಲ್ವ್ ಅಂಟಿಕೊಂಡಿದೆಯೇ ನೋಡಿ. ಬೆಳಿಗ್ಗೆ ಸೋಡಾಲೈಮ್ ಬೆಳ್ಳಗಿದೆ ಎಂದು ಮೋಸಹೋಗಬೇಡಿ. ನಿನ್ನೆ ಸಂಜೆ ನೇರಳೆಗೆ ತಿರುಗಿದ್ದೂ ರಾತ್ರಿ ಸುಮ್ಮನಿದ್ದರೆ ಮತ್ತೆ ಬೆಳ್ಳಗಾಗುತ್ತದೆ.

ಡಯಾಲಿಸಿಸ್ ರೋಗಿ

ಇವರಲ್ಲಿ ಮಾತ್ರ 0.2, 0.3 ಎನ್ನುವುದು ಚಿಲ್ಲರೆ ಅಲ್ಲ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯ ಅಪಧಮನಿ-ಅಭಿಧಮನಿಗಳನ್ನು ಜೋಡಿಸುವುದು) ಮಾಡಿಸಿಕೊಳ್ಳಲು ಬಂದವರ ಪೊಟ್ಯಾಸಿಯಂ 5.6 ಇದೆ ಎನ್ನಿ. ರಾತ್ರಿಯಿಂದ ಉಪವಾಸ, ಇನ್ಸುಲಿನ್ ತಗ್ಗಿದೆ. ಉಪವಾಸವೊಂದೇ ಇವರಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ಲೋಕಲ್ ಸಾಲದೆಂದು ಸ್ವಲ್ಪ ಮಿಡಜೋಲಮ್, ಸ್ವಲ್ಪ ಫೆಂಟನಿಲ್, ಮತ್ತೆ ಸ್ವಲ್ಪ. ಮುಖದ ಮೇಲೆ ಹಸಿರು ಬಟ್ಟೆ, ಮಾಸ್ಕಿನಲ್ಲಿ 5 ಲೀಟರ್ ಆಕ್ಸಿಜನ್, ಸ್ಯಾಚುರೇಶನ್ 99. ಆಕ್ಸಿಜನ್ ಹರಿಯುತ್ತಿರುವಾಗ ಸ್ಯಾಚುರೇಶನ್ ಸಿಓಟು ಬಗ್ಗೆ ಏನನ್ನೂ ಹೇಳುವುದಿಲ್ಲ. ಸಿಓಟು 75 ಆಗಿದ್ದರೂ ಮಾನಿಟರ್ ಸ್ಯಾಚುರೇಶನ್ 99 ಎಂದೇ ತೋರಿಸುತ್ತದೆ. ಒಳ್ಳೆಯ ಬ್ರೇಕಿಯಲ್ ಪ್ಲೆಕ್ಸಸ್ ಬ್ಲಾಕ್ (ಕೈಯ ನರಗಳನ್ನು ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟು ಸೆಡೇಶನ್ ಬಿಟ್ಟರೆ ಈ ಫಜೀತಿಯೇ ಇಲ್ಲ. ಸೆಡೇಶನ್ ಬೇಕೇ ಬೇಕೆಂದರೆ ಮಾಸ್ಕಿನೊಳಗೆ ಕ್ಯಾಪ್ನೋಗ್ರಾಫಿನ ಸ್ಯಾಂಪಲ್ ಲೈನ್ ತೂರಿಸಿ. ಅಂಕಿ ನಿಖರವಾಗಿರುವುದಿಲ್ಲ, ಉಸಿರು ನಿಂತದ್ದಂತೂ ಗೊತ್ತಾಗುತ್ತದೆ.

ಜನರಲ್ ಅನಸ್ತೇಷಿಯಾದಲ್ಲಿ ಇವರಿಗೆ ಎರಡು ಕಡೆ ಅಪಾಯ. ಟ್ಯೂಬ್ ಹಾಕಲು ಕಷ್ಟವಾದಾಗ ಉಸಿರಿಲ್ಲದ ಮೊದಲ ನಿಮಿಷದಲ್ಲಿ ಸಿಓಟು 6ರಿಂದ 12, ನಂತರ ನಿಮಿಷಕ್ಕೆ 3–4 ಏರುತ್ತದೆ. ಹತ್ತು ನಿಮಿಷ ಪರದಾಡಿದರೆ ಎಂಬತ್ತು. ಇನ್ನೊಂದು ಕೊನೆಯಲ್ಲಿ: ರಿಲ್ಯಾಕ್ಸೆಂಟ್ ಪೂರ್ತಿ ಇಳಿಯದೆ ಟ್ಯೂಬ್ ತೆಗೆದು, ರಿಕವರಿಯಲ್ಲಿ ಮಂಪರಿನಲ್ಲಿ ಮಲಗಿಸಿದಾಗ. ಇಸಿಜಿಯ ಟಿ ಅಲೆ ಚೂಪಾಗಿ ಏರುವುದು, ಪಿ ಅಲೆ ಮಾಸುವುದು, ಕ್ಯೂಆರ್‌ಎಸ್ ಅಗಲವಾಗುವುದು ಅದೇ ಅನುಕ್ರಮದಲ್ಲಿ ಬರುತ್ತದೆ ಎಂದು ಕಾಯಬೇಡಿ. ಏನೂ ಸೂಚನೆ ಕೊಡದೆ ನೇರವಾಗಿ ಹಾರ್ಟ್ ಬ್ಲಾಕ್ ಆಗುವುದೂ ಉಂಟು.

ಇಳಿಸುವುದು

ಸಿಓಟುವಿಗೆ ಔಷಧ ವೆಂಟಿಲೇಶನ್ನೇ. ಲೆಕ್ಕ ಸರಳ: ಈಗಿನ ಮಿನಿಟ್ ವೆಂಟಿಲೇಶನ್ನನ್ನು ಈಗಿನ ಸಿಓಟುವಿನಿಂದ ಗುಣಿಸಿ, ಬೇಕಾದ ಸಿಓಟುವಿನಿಂದ ಭಾಗಿಸಿ. 5 ಲೀಟರಿನಲ್ಲಿ 64 ಇದ್ದರೆ 40ಕ್ಕೆ ತರಲು 8 ಲೀಟರ್. ಆದರೆ ಒಂದೇ ಏಟಿಗೆ ಕೆಳಗೆ ಬೀಳಿಸಬೇಡಿ. 1950ರ ದಶಕದ ನಾಯಿಗಳ ಪ್ರಯೋಗಗಳಲ್ಲಿ, ಬಹಳ ಹೊತ್ತು ವಿಪರೀತ ಸಿಓಟು ಉಸಿರಾಡಿಸಿ ದಿಢೀರನೆ ಗಾಳಿಗೆ ತಂದಾಗಲೇ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಕಾಣಿಸಿಕೊಂಡಿತು. ಅಂಥ ಮಟ್ಟ ನಮ್ಮ ಓಟಿಯಲ್ಲಿ ಬರುವುದು ಅಪರೂಪ. ಆದರೂ ರಕ್ತದೊತ್ತಡ ದೊಪ್ಪನೆ ಬೀಳದಿರಲು ಅರ್ಧ ಗಂಟೆಯಲ್ಲಿ ಮೆಲ್ಲಗೆ ಇಳಿಸುವುದೇ ಲೇಸು. ಹಳೆಯ ಸಿಓಪಿಡಿ (ಬೀಡಿ-ಸಿಗರೇಟಿನಂಥವುಗಳಿಂದ ಶ್ವಾಸಕೋಶ ಕೆಟ್ಟ) ರೋಗಿಯ ದಿನನಿತ್ಯದ ಸಿಓಟು 58 ಆಗಿದ್ದರೆ ಗುರಿಯೂ 58. ಅವರನ್ನು 40ಕ್ಕೆ ತಂದರೆ ಕೂಡಿಟ್ಟ ಬೈಕಾರ್ಬೊನೇಟ್ ಹಾಗೇ ಉಳಿದು ಪಿಎಚ್ 7.5 ದಾಟುತ್ತದೆ, ಸಾಲ್ಬ್ಯುಟಮಾಲ್ ಮತ್ತು ಲ್ಯಾಸಿಕ್ಸ್‌ನಿಂದ ಮೊದಲೇ ಸೊರಗಿದ ಪೊಟ್ಯಾಸಿಯಂ ಇನ್ನೂ ಬೀಳುತ್ತದೆ.

ಬೀಳುವ ಕಡೆಯ ಸಂಬಂಧ ಏರುವ ಕಡೆಗಿಂತ ಗಟ್ಟಿ ಎನ್ನಬೇಕು. ಸಿಓಟು 10 ಇಳಿದರೆ ಪೊಟ್ಯಾಸಿಯಂ 0.5 ಇಳಿಯುತ್ತದೆ ಎಂದು 1977ರಿಂದ ಪಠ್ಯಗಳಲ್ಲಿದೆ. ಎಲ್ಲರಲ್ಲೂ ಅಷ್ಟು ಇಳಿಯದಿದ್ದರೂ ದಿಕ್ಕು ಅದೇ. ಎಂಡ್-ಟೈಡಲ್ 25 ಇರುವಾಗ ಪೊಟ್ಯಾಸಿಯಂ 3.0 ಬಂದರೆ ಕೆಸಿಎಲ್‌ಗೆ (ಪೊಟ್ಯಾಸಿಯಂ ಕ್ಲೋರೈಡ್) ಕೈ ಹಾಕುವ ಮೊದಲು ವೆಂಟಿಲೇಟರ್ ರೇಟಿಗೆ ಕೈ ಹಾಕಿ.

ಪೊಟ್ಯಾಸಿಯಂ 6.5 ದಾಟಿದ್ದರೆ ಅಥವಾ ಇಸಿಜಿ ಬದಲಾಗಿದ್ದರೆ ಕಾರಣ ಹುಡುಕುತ್ತ ಕೂರುವಂತಿಲ್ಲ. 10% ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿಲಿ ಎರಡರಿಂದ ಐದು ನಿಮಿಷದಲ್ಲಿ. ಇಸಿಜಿ ಸರಿಹೋಗದಿದ್ದರೆ ಮತ್ತೊಂದು. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯವನ್ನು ಅರ್ಧದಿಂದ ಒಂದು ಗಂಟೆ ಕಾಯುತ್ತದೆ ಅಷ್ಟೇ. ಇಳಿಸುವುದು ಇನ್ಸುಲಿನ್: ರೆಗ್ಯುಲರ್ 10 ಯೂನಿಟ್, ಜೊತೆಗೆ 25% ಡೆಕ್ಸ್ಟ್ರೋಸ್ 100 ಮಿಲಿ. ಸಾಲ್ಬ್ಯುಟಮಾಲ್ ನೆಬ್ಯುಲೈಸೇಶನ್ 10–20 ಮಿಲಿಗ್ರಾಂ, ಆಸ್ತಮಾದ 2.5 ಅಲ್ಲ. ವಾರ್ಡಿನಲ್ಲಿ ಡೋಸ್ ತಪ್ಪುವುದು ಹೆಚ್ಚಾಗಿ ಇಲ್ಲೇ.

ಬೈಕಾರ್ಬೊನೇಟನ್ನು ಮಾತ್ರ ಸಿಓಟು ಏರಿರುವಾಗ ಕೊಡುವುದು ಬೆಂಕಿಗೆ ತುಪ್ಪ ಸುರಿದಂತೆ. ಅದರ 50 ಮಿಲಿ ಈಕ್ವಿವಲೆಂಟ್, ಅಂದರೆ ಇಲ್ಲಿ ಸಿಗುವ 7.5% ದ್ರಾವಣದ ಸುಮಾರು 56 ಮಿಲಿ, ಪೂರ್ತಿ ಆಮ್ಲದ ಜೊತೆ ಸೇರಿದರೆ ಒಂದು ಲೀಟರಿಗಿಂತ ಹೆಚ್ಚು ಸಿಓಟು ಗ್ಯಾಸ್ ಆಗುತ್ತದೆ. ಅರಿವಳಿಕೆಯಲ್ಲಿರುವ ಮೈ ಐದು ನಿಮಿಷದಲ್ಲಿ ಉತ್ಪಾದಿಸುವಷ್ಟು. ಇರುವುದನ್ನೇ ಹೊರಹಾಕಲಾಗದ ವೆಂಟಿಲೇಶನ್ನಿನ ಮೇಲೆ ಇದೂ ಬಂದು ಬಿದ್ದರೆ ಚೀಟಿಯಲ್ಲಿ ಪಿಎಚ್ ಹೆಚ್ಚೇನೂ ಏರದು, ಕೋಶದೊಳಗೆ ಇನ್ನಷ್ಟು ಇಳಿಯುತ್ತದೆ. ಬೈಕಾರ್ಬೊನೇಟ್ ನಿಜಕ್ಕೂ ಕಡಿಮೆ ಇದ್ದು, ವೆಂಟಿಲೇಶನ್ ಕೈಯಲ್ಲಿದ್ದರೆ ಅದರ ಮಾತು ಬೇರೆ.

ಸಿಓಟು 40ಕ್ಕೆ ಬಂದು ಅರ್ಧ ಗಂಟೆಯಾದ ಮೇಲೆ ಇನ್ನೊಂದು ಎಬಿಜಿ. 5.9 ಇದ್ದದ್ದು 5.6 ಆದರೆ ಸಿಓಟುವಿನ ಪಾಲು ಅಷ್ಟೇ ಇತ್ತು ಎಂದರ್ಥ, ಹುಡುಕಾಟ ನಿಲ್ಲಿಸಬೇಡಿ. ಇನ್ಸುಲಿನ್ ಕೊಟ್ಟಿದ್ದರೆ ಆರು ಗಂಟೆಯವರೆಗೆ ಗಂಟೆಗೊಮ್ಮೆ ಸಕ್ಕರೆ ನೋಡಬೇಕೆಂದು ಕೇಸ್ ಶೀಟಿನಲ್ಲಿ ಬರೆದು, ವಾರ್ಡಿನ ಸಿಸ್ಟರಿಗೆ ಬಾಯಲ್ಲೂ ಹೇಳಿ ಕಳಿಸಿ. ಕಿಡ್ನಿ ಕೈಕೊಟ್ಟವರಲ್ಲಿ ಇನ್ಸುಲಿನ್ ಬಹಳ ಹೊತ್ತು ಮೈಯಲ್ಲಿ ಉಳಿಯುತ್ತದೆ, 25 ಗ್ರಾಂ ಡೆಕ್ಸ್ಟ್ರೋಸ್ ಅಷ್ಟು ಹೊತ್ತು ಬಾಳುವುದಿಲ್ಲ.